ಹಲಗೆಯ ಬೆನ್ನು

ಬೆಳಿಗ್ಗೆಯಿಂದ ಓಮೊಸೆದೆ ಆ ತುಣುಕನ್ನು ನೋಡುತ್ತಿದ್ದುದು ಇದು ಏಳನೆಯ ಸಲ. ಪರದೆಯ ಮೇಲೆ ಶವಪೆಟ್ಟಿಗೆ, ಅದರೊಳಗೆ ಬಿಳಿ ಬಟ್ಟೆ ಉಟ್ಟು, ಕೊರಳಿಗೆ ಹವಳದ ಸರ ಹಾಕಿಕೊಂಡು, ಮೂಗಿಗೆ ಹತ್ತಿ ತುರುಕಿಕೊಂಡು ಮಲಗಿದ ಮುದುಕ. ಅಳುವವರ ಸದ್ದು ನಿಲ್ಲುತ್ತದೆ, ಕ್ಯಾಮೆರಾ ನಿಲ್ಲುವುದಿಲ್ಲ. ನಿಲ್ಲಬಾರದು. ಅದು ಕಂಪನಿಯ ನಿಯಮ. ಅವಳಪ್ಪ ನಾಟಕದ ತಂಡ ಕಟ್ಟಿಕೊಂಡು ಹಳೇ ವ್ಯಾನಿನಲ್ಲಿ ಊರೂರು ಅಲೆಯುತ್ತಿದ್ದ ಕಾಲದಿಂದ ಬಂದದ್ದು. ಸತ್ತವನ ಪಾತ್ರಕ್ಕೆ ಮಲಗಿದವನನ್ನು ಅವನ ಸ್ವಂತ ಮನೆತನದ ಬೆಳಗಿನ ಮಾತು ಹೇಳಿ ಎಬ್ಬಿಸಬೇಕು, ಅವನು ಉತ್ತರ ಕೊಟ್ಟು ಎದ್ದು ಕೂತ ಮೇಲೆ ಕ್ಯಾಮೆರಾ ನಿಲ್ಲಿಸಬೇಕು. ಪರದೆಯ ಹೊರಗಿನಿಂದ ಹೆಂಗಸಿನ ಧ್ವನಿಯೊಂದು, ಅವಸರದ ಸಿಡುಕು ಧ್ವನಿ, 'ಲಾಮೊಗುನ್' ಅನ್ನುತ್ತದೆ. ಮುದುಕ ಕಣ್ಣು ತೆರೆಯುತ್ತಾನೆ. ಧ್ವನಿ ತನ್ನದೇ. ಎಷ್ಟು ಸಲ ಕೇಳಿದರೂ ಬೇರೆ ಯಾರದ್ದೋ ಆಗಲಿಲ್ಲ.

"ಇನ್ನೂ ಅದನ್ನೇ ನೋಡ್ತಾ ಇದ್ದೀರಾ ಮೇಡಂ? ಹೇಗಿದ್ರೂ ಕತ್ತರಿಸಿ ಬಿಸಾಡೋ ತುಂಡು ಅದು," ಎಂದ ಓಸಹೋನ್, ಬಾಯಲ್ಲಿ ಅಲಸಂದೆ ವಡೆ ಇಟ್ಟುಕೊಂಡೇ. ಅವನೇ ಕ್ಯಾಮೆರಾ ಹಿಡಿಯುವವನು, ಅವನೇ ಕತ್ತರಿಸಿ ಜೋಡಿಸುವವನು. ಇಷ್ಟು ಸಣ್ಣ ಕಂಪನಿಯಲ್ಲಿ ಒಬ್ಬೊಬ್ಬರಿಗೂ ಎರಡೆರಡು ತಲೆ ಬೇಕು. ಹೊರಗೆ ಜನರೇಟರ್ ಗೊರಗುಟ್ಟುತ್ತಿತ್ತು. "ಅಂದ ಹಾಗೆ, ಆ ಮೀನಿನಮ್ಮ ಬಂದು ಜಗಲಿ ಮೇಲೆ ಕೂತಿದ್ದಾರೆ. ಏಳು ಗಂಟೆಯಿಂದ. ಒಳಗೆ ಬನ್ನಿ ಅಂದ್ರೆ ಬರೊಲ್ಲ ಅಂತಾರೆ."

"ಯಾವ ಮೀನಿನಮ್ಮ?" ಎಂದಳು, ಯಾರೆಂದು ಚೆನ್ನಾಗಿ ಗೊತ್ತಿದ್ದೂ. ಒಣಗಿಸಿ ಹೊಗೆ ಹಾಕಿದ ಮೀನಿನ ವಾಸನೆ ಬಾಗಿಲ ಸಂದಿಯಿಂದ ಆಗಲೇ ಒಳಗೆ ಬಂದಿತ್ತು.

ಬೆನಿನ್ ಪಟ್ಟಣದಲ್ಲಿ ಹುಟ್ಟಿದ ಮಕ್ಕಳಿಗೆ ಹಾಲು ಬಿಡುವ ಮೊದಲೇ ಗೊತ್ತಾಗುವ ಸಂಗತಿ ಇದು: ಬೆಳಿಗ್ಗೆ ಎದ್ದು ಹಿರಿಯರ ಮುಂದೆ ಮಂಡಿಯೂರಿ ನಿನ್ನ ಮನೆತನದ ಮಾತು ಹೇಳಬೇಕು, ಹಿರಿಯರು ಉತ್ತರ ಕೊಡುವವರೆಗೆ ಏಳುವಂತಿಲ್ಲ. ಒಂದು ಮನೆತನಕ್ಕೆ ಒಂದು ಮಾತು. ಅರಸನ ಬಳ್ಳಿಯವರಿಗೆ ಲಾಮೊಗುನ್, ಉಳಿದವರಿಗೆ ಅವರವರದು. ಸೊಸೆಯಾಗಿ ಬಂದವಳು ಗಂಡನ ಮನೆಯ ಮಾತನ್ನೇ ಆಡಬೇಕು. ರಾತ್ರಿ ನಿದ್ದೆಯಲ್ಲಿ ಎಲ್ಲೆಲ್ಲೋ ಅಲೆದ ಜೀವಕ್ಕೆ ತನ್ನ ಮನೆ ಯಾವುದೆಂದು ನೆನಪಿಸುವ ಮಾತು ಅದು ಎಂದು ಅಪ್ಪ ಹೇಳುತ್ತಿದ್ದ. ಸತ್ತಂತೆ ಮಲಗುವ ನಟನ ಜೀವ ನಿದ್ದೆಯಲ್ಲಿ ಹೋಗುವುದಕ್ಕಿಂತ ದೂರ ಹೋಗಿರುತ್ತದೆ, ಅದಕ್ಕೇ ಜಾಸ್ತಿ ಜೋಪಾನ. ಪೆಟ್ಟಿಗೆಗೆ ಇಳಿಯುವ ಮೊದಲು ನಟನನ್ನು ಕೇಳಿ, ಅವನ ಮನೆಯ ಮಾತನ್ನು ಕ್ಯಾಮೆರಾ ಮುಂದೆ ಹಿಡಿಯುವ ಕ್ಲಾಪ್ ಹಲಗೆಯ ಹಿಂಬದಿಯಲ್ಲಿ ಸುಣ್ಣದ ಕಡ್ಡಿಯಿಂದ ಬರೆದಿಡಬೇಕು. ಇಪ್ಪತ್ತೆರಡು ವರ್ಷ, ಮೂವತ್ತೊಂದು ಶವಗಳು; ಒಂದು ಸಲವೂ ತಪ್ಪಿರಲಿಲ್ಲ.

ಮೂರು ವಾರದ ಹಿಂದೆ ತಪ್ಪಿತು. ಮರಳುಗಾಡಿನ ಧೂಳುಗಾಳಿ ಬಂದು ಇಡೀ ಊರನ್ನು ಹಾಲಿನ ಕೆನೆಯ ಹಾಗೆ ಮುಚ್ಚಿತ್ತು. ಯಾರ ಕಾಲ ಬುಡದಲ್ಲೂ ನೆರಳಿರಲಿಲ್ಲ. 'ಹವಳದ ಮನೆ' ಧಾರಾವಾಹಿಯ ಮುಖ್ಯಸ್ಥ ಚೀಫ್ ಇಗುನ್ಬೊರ್ ಸಾಯುವ ಕಂತು. ಅರಸನ ಬಳ್ಳಿಯ ಆ ಪಾತ್ರವನ್ನು ಬರೆದವಳು ಅವಳೇ. ಪ್ರತಿ ಕಂತಿನಲ್ಲೂ ಮೊಮ್ಮಕ್ಕಳು ಸಾಲಾಗಿ ಬಂದು ಮಂಡಿಯೂರಿ ಲಾಮೊಗುನ್ ಎನ್ನುವ ದೃಶ್ಯ ಇದ್ದೇ ಇರುತ್ತಿತ್ತು. ಎಂಬತ್ತು ಜನ ಅಳುವವರು ಬಿಸಿಲಿಲ್ಲದ ಸೆಕೆಯಲ್ಲಿ ಬೇಯುತ್ತಿದ್ದರು, ಬೆಳಕು ಇನ್ನು ಕಾಲು ಗಂಟೆ, ಇವಳು ಗಂಟಲು ಹರಿಯುವ ಹಾಗೆ ಕಿರುಚಿ ಕಿರುಚಿ ಸುಸ್ತಾಗಿದ್ದಳು. ಮುದುಕನನ್ನು ಎಬ್ಬಿಸುವ ಹೊತ್ತಿಗೆ ಹಲಗೆ ತಿರುಗಿಸಿ ನೋಡಿದಳು. ಬೆನ್ನು ಖಾಲಿ. ಅಲ್ಲಿ ಬರೆಯಬೇಕಾದವಳು ಅವಳೇ, ಕೇಳಬೇಕಾದವಳೂ ಅವಳೇ. ಒಂಬತ್ತು ವರ್ಷ ಆ ಮುದುಕ ಅವಳ ಕಂಪನಿಯಲ್ಲಿ ಕಾವಲುಗಾರ, ಮಂತ್ರವಾದಿ, ಮದುವೆ ಮನೆಯ ಮೂರನೇ ಮಾವ, ಕೊನೆಗೆ ಈ ಚೀಫ್, ಎಲ್ಲ ಆಗಿದ್ದ. ಅವನ ಮನೆಯ ಮಾತು ಯಾವುದೆಂದು ಅವಳಿಗೆ ಗೊತ್ತಿರಲಿಲ್ಲ. ಯಾರನ್ನಾದರೂ ಕೇಳಬಹುದಿತ್ತು. ಕೇಳಿದರೆ ಎಂಬತ್ತು ಜನರ ಮುಂದೆ ಮೇಡಂ ಮರೆತರು ಎಂದಾಗುತ್ತಿತ್ತು. ಬಾಯಿಗೆ ಬಂದದ್ದನ್ನು, ಪಾತ್ರದ ಮನೆಯ ಮಾತನ್ನೇ, ಅಂದುಬಿಟ್ಟಳು. ಮುದುಕ ಕಣ್ಣು ತೆರೆದು, ಎಂದಿನಂತೆ ನಾಲಿಗೆ ಚಾಚಿ ಅಣಕಿಸದೆ, ಬಹಳ ನಿಧಾನವಾಗಿ ಅವಳತ್ತ ಕೈಯೆತ್ತಿ ಉತ್ತರ ಕೊಟ್ಟ. ಎಷ್ಟು ಗಂಭೀರವಾದ ಉತ್ತರ! ಥೂ, ಆಗ ತನಗೆ ಅನಿಸಿದ್ದಾದರೂ ಏನು: ಛೆ, ಇದನ್ನು ದೃಶ್ಯದೊಳಗೇ ಮಾಡಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ಜಗಲಿಯಲ್ಲಿ ಉವಾಯಿಲಾ ಎದ್ದು ನಿಲ್ಲಲಿಲ್ಲ. ಪೆಟ್ಟಿಗೆಯಲ್ಲಿ ಮಲಗಿದ್ದ ಎಖಾಟೊರ್ ಅಜ್ಜನ ಹೆಂಡತಿ, ಸಂತೆಯಲ್ಲಿ ಮೀನು ಮಾರುವವಳು, ಬುಟ್ಟಿಯನ್ನು ಕಾಲ ಸಂದಿಯಲ್ಲಿ ಇಟ್ಟುಕೊಂಡು ಕೂತಿದ್ದಳು.

"ಒಳಗೆ ಬನ್ನಿ ಅಮ್ಮಾ, ಟೀ ಕುಡಿಯೋರಂತೆ."

"ನಿನ್ನ ಟೀ ಕುಡಿಯೋಕೆ ಬಂದಿಲ್ಲ ಮಗಳೇ. ಒಂದು ಮಾತು ಕೇಳೋಕೆ ಬಂದೆ. ಅವತ್ತು ಪೆಟ್ಟಿಗೆಯಿಂದ ಎಬ್ಬಿಸಿದೆಯಲ್ಲ ನನ್ನ ಗಂಡನ್ನ, ಏನಂತ ಎಬ್ಬಿಸಿದೆ?"

"ಯಾಕಮ್ಮಾ, ಏನಾಯ್ತು ಈಗ?"

"ಏನಾಗಬೇಕು ಇನ್ನೂ? ಬೆಳಿಗ್ಗೆ ಎದ್ದು ಮಂಚದ ಅಂಚಿಗೆ ಕೂರ್ತಾನೆ. ನಾನು ಮಂಡಿಯೂರಿ ನಮ್ಮ ಮಾತು ಹೇಳ್ತೀನಿ. ಗೋಡೆಗೆ ಹೇಳಿದ ಹಾಗೆ. ಉತ್ತರ ಇಲ್ಲ. ನನ್ನ ಮಂಡಿ ನೋಡು, ಹೇಗೆ ತರಚಿದೆ. ಕೊನೆಗೆ ನಾನೇ ಗೋಡೆ ಹಿಡ್ಕೊಂಡು ಏಳ್ತೀನಿ, ನಾಚಿಕೆ ಬಿಟ್ಟು. ಚಪ್ಪಲಿ ಯಾರಾದ್ರೂ ತಂದಿಡೋವರೆಗೂ ಕಾಲು ಕೆಳಗಿಡಲ್ಲ. ಬಸ್ ಸ್ಟ್ಯಾಂಡಲ್ಲಿ ಮೂವತ್ತು ವರ್ಷ 'ವಾರಿಗೆ, ವಾರಿಗೆ, ಇನ್ನೊಂದೇ ಸೀಟು' ಅಂತ ಕೂಗಿ ಬದುಕಿದ ಮನುಷ್ಯ ಅವನು! ನಿನ್ನೆ ನನ್ನ ಕೇಳ್ತಾನೆ, 'ಯಾರ ಮನೆ ಹೆಂಗಸಮ್ಮಾ ನೀನು' ಅಂತ. ನಲವತ್ತೊಂದು ವರ್ಷ ಸಂಸಾರ ಮಾಡಿದೋಳಿಗೆ."

"ಪಾತ್ರದ ಗುಂಗು ಇರಬೇಕು. ದೊಡ್ಡ ನಟರಿಗೆ ಹಾಗೆ ಆಗುತ್ತೆ."

"ದೊಡ್ಡ ನಟ!" ಮುದುಕಿ ನಕ್ಕುಬಿಟ್ಟಳು. "ಹೊಟ್ಟೆಗೆ ಬಿದ್ದರೆ ಸಾಕು ಅಂತ ಬರ್ತಿದ್ದ ನಿನ್ನ ಹತ್ರ. ನನ್ನ ಮಾತಿಗೆ ಉತ್ತರ ಕೊಡು. ಯಾವ ಮಾತು ಹೇಳಿದೆ?"

"ನಿಮ್ಮ ಮನೆ ಮಾತನ್ನೇ."

"ಹೇಳು ಅದನ್ನ."

ಓಮೊಸೆದೆ ಬಾಯಿ ತೆರೆದಳು. ಜಗಲಿಯ ಕೆಳಗೆ ಕೋಳಿಯೊಂದು ಕೆಂಪು ಮಣ್ಣು ಕೆದರುತ್ತಿತ್ತು. ಆಫೀಸಿನ ಕಿಟಕಿಯಲ್ಲಿ ಓಸಹೋನ್ ನಿಂತಿದ್ದಾನೆ ಎಂದು ತಿರುಗದೆಯೇ ಗೊತ್ತಾಯಿತು. ಐವತ್ತು ದಾಟಿದ, ಇಷ್ಟು ಜನಕ್ಕೆ ಅನ್ನ ಹಾಕುವ ಹೆಂಗಸು, ಪಾಠ ಬಾರದ ಹುಡುಗಿಯ ಹಾಗೆ ತನ್ನ ಜಗಲಿಯಲ್ಲೇ ನಿಂತಿದ್ದಳು.

"ಡೆಲೈಸೊ," ಎಂದಳು ಮುದುಕಿ, ಬಯ್ಯದೆ, ಮೆಲ್ಲಗೆ. "ನಮಗೆ ಮಕ್ಕಳಿಲ್ಲ. ನಮ್ಮ ಮನೇಲಿ ಆ ಮಾತು ಹೇಳೋಳು ನಾನೊಬ್ಬಳೇ, ಉತ್ತರ ಕೊಡೋನು ಅವನೊಬ್ಬನೇ. ನೀನು ಮಲಗಿಸಿದೆ, ನೀನೇ ಎಬ್ಬಿಸಬೇಕು. ವಾಪಸ್ ಮಲಗಿಸಿ ಸರಿಯಾಗಿ ಎಬ್ಬಿಸು. ಇವತ್ತೇ."

ಇವತ್ತೇ ಎಂದಾಗ ಓಮೊಸೆದೆಯ ತಲೆಯಲ್ಲಿ ಎದ್ದದ್ದು ಹೆದರಿಕೆಯಲ್ಲ, ಲೆಕ್ಕಾಚಾರ. ಅದನ್ನು ನೆನೆದು ಆಮೇಲೆ ಎಷ್ಟೋ ದಿನ ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಚಾನೆಲಿನವನು ಹೋದ ವಾರ ಫೋನು ಮಾಡಿದ್ದ: ನಿಮ್ಮ ಚೀಫ್ ಸತ್ತದ್ದನ್ನು ಜನ ಒಪ್ಪುತ್ತಿಲ್ಲ ಮೇಡಂ, ವಾಪಸ್ ತನ್ನಿ, ಹೇಗಾದರೂ ತನ್ನಿ, ಇಲ್ಲದಿದ್ದರೆ ಧಾರಾವಾಹಿಯನ್ನು ಇಲ್ಲಿಗೇ ಮುಗಿಸಿ. ಇವಳು ಎರಡು ದಿನ ಬಾಗಿಲು ಹಾಕಿಕೊಂಡು ಬರೆದಿದ್ದಳು. ಪೆಟ್ಟಿಗೆಯಲ್ಲಿದ್ದವನು ಬೇರೆ ಯಾರೋ, ಚೀಫ್ ಸತ್ತೇ ಇರಲಿಲ್ಲ, ಬಾಗಿಲಲ್ಲಿ ಬಂದು ನಿಲ್ಲುತ್ತಾನೆ. ನಾಲ್ಕು ದಿನದ ಚಿತ್ರೀಕರಣ, ನಾಳೆಯಿಂದ. ಈಗ ಮುದುಕನನ್ನು ಎಬ್ಬಿಸಿದರೆ ಬಾಗಿಲಲ್ಲಿ ಬಂದು ನಿಲ್ಲುವವನು ಯಾರು? ಕ್ಯಾಮೆರಾ ಕಂಡರೆ ಹುಲ್ಲು ಕಂಡ ಮೇಕೆಯ ಹಾಗೆ ಅದನ್ನೇ ನೋಡುತ್ತಿದ್ದ ಆ ಬಸ್ ಸ್ಟ್ಯಾಂಡಿನ ಮುದುಕ?

"ನಾಲ್ಕು ದಿನ ಕೊಡಿ ಅಮ್ಮಾ. ಶನಿವಾರ ಬೆಳಿಗ್ಗೆ ನಾನೇ ಮಾಡ್ತೀನಿ. ಅಪ್ಪನಾಣೆ."

"ನಾಲ್ಕು ದಿನ," ಎಂದು ಮುದುಕಿ ಬುಟ್ಟಿ ಎತ್ತಿ ತಲೆಗಿಟ್ಟುಕೊಂಡಳು. "ಅಲ್ಲೀತನಕ ನನ್ನ ಮನೇಲಿ ಯಾರನ್ನ ಇಟ್ಕೊಂಡು ಅಡುಗೆ ಮಾಡಿ ಹಾಕ್ಲಿ, ಅದನ್ನೂ ನೀನೇ ಹೇಳಿಬಿಡು." ಉತ್ತರಕ್ಕೆ ಕಾಯದೆ ಮೆಟ್ಟಿಲಿಳಿದು ಹೋದಳು.

ಮರುದಿನದಿಂದ ಮುದುಕ ಬಂದ. ಬಂದ ಎನ್ನುವುದು ತಪ್ಪು, ದಯಮಾಡಿಸಿದ. ಮೊದಲೆಲ್ಲ ಊಟದ ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ನುಗ್ಗಿ, ಟೀಗೆ ಆರು ಚಮಚ ಸಕ್ಕರೆ ಸುರಿದುಕೊಂಡು, ಮೇಕಪ್ಪಿನ ಹುಡುಗಿಯರ ಜಡೆ ಎಳೆದು ಬೈಸಿಕೊಳ್ಳುತ್ತಿದ್ದವನು ಈಗ ಕುರ್ಚಿ ತರುವವರೆಗೆ ನಿಂತೇ ಇರುತ್ತಿದ್ದ. 'ಬಾರೋ ಅಜ್ಜ' ಎನ್ನುತ್ತಿದ್ದ ಲೈಟಿನವರು ತಮಗೇ ಗೊತ್ತಾಗದೆ 'ಬನ್ನಿ' ಎನ್ನತೊಡಗಿದ್ದರು. ಒಬ್ಬ ಅವನ ಮುಂದೆ ಹಾಯುವಾಗ ಟೋಪಿ ತೆಗೆದು, ಆಮೇಲೆ ತಾನೇ ಬೆಪ್ಪಾಗಿ ಟೋಪಿ ಕೊಡವಿದಂತೆ ನಟಿಸಿದ. ಓಮೊಸೆದೆ ಕೈಯಾರೆ ಟೀ ಮಾಡಿ, ಆರು ಚಮಚ ಹಾಕಿ, ತೆಗೆದುಕೊಂಡು ಹೋಗಿ ಕೊಟ್ಟಳು. ಅವನು ಲೋಟದೊಳಗೆ ಬಹಳ ಹೊತ್ತು ನೋಡಿದ. ಕುಡಿಯಲಿಲ್ಲ. "ನೀನು ಯಾರ ಮಗಳು?" ಎಂದು ಕೇಳಿದ. ಅವಳು ಅಪ್ಪನ ಹೆಸರು ಹೇಳಿದಳು. "ನಾಟಕದವನು," ಎಂದ, ದೂರದ ಹಳ್ಳಿಯ ಹೆಸರು ನೆನಪಿಸಿಕೊಂಡವನಂತೆ. ಅಷ್ಟೇ. ಅವನ ಕುರ್ಚಿಯ ಹಿಂದೆ ಧೂಳಿನ ಬಿಳಿ ಆಕಾಶ, ಮಸುಕಾದ ಬಾಳೆ ಗಿಡಗಳು. ಎಲ್ಲೋ ಕುಟ್ಟುವ ಒನಕೆಯ ಸದ್ದು, ಕುಟ್ಟುವವರು ಕಾಣಿಸದೆ.

ಅಪ್ಪನ ನೆನಪು ಅವಳಿಗೆ ಬೇಡವಾಗಿತ್ತು. ಎಂಟು ವರ್ಷದವಳಿದ್ದಾಗ ಅವನ ಹವಳದ ಸರ, ನಾಟಕದ್ದು, ಪ್ಲಾಸ್ಟಿಕ್ಕಿನದು, ಹರಿದು ಹಾಕಿ ನಾನಲ್ಲ ಎಂದಿದ್ದಳು. ಮರುದಿನ ಬೆಳಿಗ್ಗೆ ಮಂಡಿಯೂರಿ ಮನೆಯ ಮಾತು ಹೇಳಿದಾಗ ಅಪ್ಪ ಉತ್ತರ ಕೊಡಲಿಲ್ಲ. ಶರ್ಟು ಹಾಕಿಕೊಂಡ, ವ್ಯಾನು ಹತ್ತಿದ, ಹೋದ. ಅಮ್ಮ ಬಂದು ಏಳೇ ಎಂದಳು, ಬೈದಳು, ಕೊನೆಗೆ ಅತ್ತಳು. ಆದರೆ ಅಪ್ಪನಿಗೆ ಹೇಳಿದ ಮಾತಿಗೆ ಅಪ್ಪನೇ ಉತ್ತರ ಕೊಡಬೇಕು. ಮಧ್ಯಾಹ್ನದ ಹೊತ್ತಿಗೆ ಮಂಡಿ ಮರಗಟ್ಟಿತ್ತು, ಸಂಜೆ ಅವನು ಬಂದು ಏನೂ ಆಗದವನಂತೆ ತಲೆ ಮುಟ್ಟಿ ಉತ್ತರ ಕೊಟ್ಟ. ಆ ಇಡೀ ದಿನ ಅವಳಿಗೆ ಅನಿಸಿದ್ದು ನೋವಲ್ಲ. ತಾನು ಇನ್ನೂ ಎಚ್ಚರವಾಗಿಲ್ಲ, ಎಲ್ಲರೂ ಓಡಾಡುವ ಮನೆಯಲ್ಲಿ ತಾನೊಬ್ಬಳೇ ಹಾಸಿಗೆಯಲ್ಲೇ ಉಳಿದುಬಿಟ್ಟಿದ್ದೇನೆ ಎಂದು. ಇತ್ತ ಚಿತ್ರೀಕರಣದಲ್ಲಿ ಚೀಫ್ ಬಾಗಿಲಲ್ಲಿ ಬಂದು ನಿಲ್ಲುವ ದೃಶ್ಯವನ್ನು ಒಂದೇ ಸಲಕ್ಕೆ ತೆಗೆದರು. ಯಾರೂ ಕೆಮ್ಮಲಿಲ್ಲ. ಅಳುವ ಸೊಸೆಯ ಪಾತ್ರದವಳು ಮಾತು ಮರೆತು ನಿಜವಾಗಿಯೇ ಮಂಡಿಯೂರಿಬಿಟ್ಟಳು, ಅದೇ ಚೆನ್ನಾಗಿತ್ತು, ಹಾಗೇ ಇಟ್ಟುಕೊಂಡರು. ಓಮೊಸೆದೆಯ ಮೈ ಜುಮ್ಮೆಂದಿತು. ಸಂತೋಷಕ್ಕೋ ಭಯಕ್ಕೋ ಎಂದು ತನ್ನನ್ನು ತಾನು ಕೇಳಿಕೊಳ್ಳಲೂ ಇಲ್ಲ.

ಗುರುವಾರ ಓಸಹೋನ್ ಪರದೆಯ ಮುಂದೆ ಸುಮ್ಮನೆ ಕೈಕಟ್ಟಿ ಕೂತಿದ್ದ. "ಕೆಲಸ ಮಾಡೋದು ಬಿಟ್ಟು ಏನು ನಿನ್ನ ಧ್ಯಾನ?" ಎಂದು ಗದರಿದಳು.

"ಎಲ್ಲಿ ಕತ್ತರಿಸಬೇಕು ಅಂತ ಗೊತ್ತಾಗ್ತಿಲ್ಲ ಮೇಡಂ."

"ಹದಿನೈದು ವರ್ಷ ಕತ್ತರಿಸ್ತಾ ಇದ್ದೀಯಲ್ಲೋ."

"ಮನುಷ್ಯರು ರೆಪ್ಪೆ ಬಡಿಯೋ ಕಡೆ ಕತ್ತರಿಸ್ತೀನಿ ನಾನು. ಅಲ್ಲಿ ಕತ್ತರಿಸಿದ್ರೆ ನೋಡೋರಿಗೆ ಗೊತ್ತಾಗಲ್ಲ." ಅವನು ಧ್ವನಿ ತಗ್ಗಿಸಿದ. "ಮೂರು ದಿನದ್ದೆಲ್ಲ ನೋಡಿದೆ. ಅಜ್ಜ ಒಂದು ಸಲವೂ ಬಡಿದಿಲ್ಲ."

"ಬೆಳಕು ಕಣ್ಣಿಗೆ ಹೊಡೀದೇ ಇದ್ದಿದ್ದಕ್ಕೆ."

"ಬೆಳಕು ಹೊಡೀದಿದ್ರೆ ನಾನು ನೀವು ಬಡಿಯೋದು ಬಿಡ್ತೀವಾ? ನಾಳೆ ಕೆಲಸ ನಿಲ್ಲಿಸಿಬಿಡಿ ಮೇಡಂ. ಇವತ್ತೇ ಮಲಗಿಸಿ ಎಬ್ಬಿಸೋಣ. ಸಾಕು."

"ಒಂದೇ ದಿನ ಉಳಿದಿರೋದು. ಒಂದು ದಿನದಲ್ಲಿ ಏನು ಮುಳುಗಿಹೋಗುತ್ತೆ?" ಎಂದಳು ಓಮೊಸೆದೆ. ಓಸಹೋನ್ ಅವಳ ಮುಖ ನೋಡದೆ ಯಂತ್ರದ ಕಡೆ ತಿರುಗಿದ. ಹಿಂದೊಮ್ಮೆ ಸತ್ತ ಅಜ್ಜಿಯೊಬ್ಬಳ ಪಾತ್ರಕ್ಕೆ ಅವನಮ್ಮನನ್ನೇ ಮಲಗಿಸಿದ್ದರು, ಆಗ ಹಲಗೆಯ ಬೆನ್ನಿನ ಮೇಲೆ ಬರೆದದ್ದನ್ನು ಅವನು ಎರಡು ಸಲ ಓದಿ ನೋಡಿದ್ದ. ಅದು ಅವಳಿಗೆ ಈಗ, ಬೇಡದ ಹೊತ್ತಿನಲ್ಲಿ, ನೆನಪಾಯಿತು.

ಶನಿವಾರ ಬೆಳಿಗ್ಗೆ ಧೂಳು ಇನ್ನಷ್ಟು ದಟ್ಟವಾಗಿತ್ತು. ಅದೇ ಅಂಗಳ, ಅದೇ ಪೆಟ್ಟಿಗೆ. ಬಡಗಿ ಅದನ್ನು ವಾಪಸ್ ತೆಗೆದುಕೊಳ್ಳಲು ಒಪ್ಪದೆ ಉಗ್ರಾಣದಲ್ಲೇ ಬಿದ್ದಿತ್ತು. ಐದಾರು ಜನ ಬಿಟ್ಟು ಯಾರೂ ಬೇಡವೆಂದಿದ್ದಳು, ಆದರೂ ಲೈಟಿನವರು, ಅಡುಗೆಯವರು, ಅಳುವ ಸೊಸೆ ಎಲ್ಲರೂ ಗೋಡೆಯ ಪಕ್ಕ ಬಂದು ನಿಂತಿದ್ದರು. ಉವಾಯಿಲಾ ಹಬ್ಬದ ಸೀರೆಯಂಥ ನೀಲಿ ಬಟ್ಟೆ ಸುತ್ತಿಕೊಂಡು, ಮುಚ್ಚಳದ ಪಾತ್ರೆ ಹಿಡಿದು ಬಂದಿದ್ದಳು: ಗೆಣಸು ಕುಟ್ಟಿದ ಮುದ್ದೆ, ಕಪ್ಪು ಸೊಪ್ಪಿನ ಸಾರು. ಎದ್ದ ತಕ್ಷಣ ಅವನಿಗೆ ಹಸಿವಾಗುತ್ತದೆ ಎಂದಳು, ಯಾರೂ ಕೇಳದೆ. ಮುದುಕಿಯ ಮುಖದಲ್ಲಿ ಮದುಮಗಳ ನಾಚಿಕೆಯಂಥದೇನೋ ಇತ್ತು, ಅದನ್ನು ನೋಡಲಾರದೆ ಓಮೊಸೆದೆ ಹಲಗೆ ತಿರುಗಿಸಿ, ಸುಣ್ಣದ ಕಡ್ಡಿಯಿಂದ ದೊಡ್ಡ ಅಕ್ಷರದಲ್ಲಿ ಡೆಲೈಸೊ ಎಂದು ಬರೆದು, ಕ್ಯಾಮೆರಾಕ್ಕೆ ತೋರಿಸಿದಳು. ಕೊನೆಯ ಅಕ್ಷರ ಸೊಟ್ಟಗಾಯಿತು.

ಮುದುಕನಿಗೆ ಯಾರೂ ಹೇಳಬೇಕಾಗಲಿಲ್ಲ. ಬಿಳಿ ಬಟ್ಟೆ ಸರಿಪಡಿಸಿಕೊಂಡು ತಾನೇ ಹೋಗಿ ಪೆಟ್ಟಿಗೆಯಲ್ಲಿ ಮಲಗಿದ, ದಿನವೂ ಮಲಗುವ ಜಾಗದಲ್ಲಿ ಮಲಗುವವನಂತೆ. ಕೈ ಎದೆಯ ಮೇಲೆ, ಕಣ್ಣು ಮುಚ್ಚಿದವು. "ಓಡ್ತಿದೆ," ಎಂದ ಓಸಹೋನ್. ಓಮೊಸೆದೆ ಚಪ್ಪಲಿ ಬಿಟ್ಟು ಕೆಂಪು ಮಣ್ಣಿನಲ್ಲಿ ಮಂಡಿಯೂರಿದಳು. ಇಪ್ಪತ್ತೆರಡು ವರ್ಷದಲ್ಲಿ ನಟನೊಬ್ಬನ ಮುಂದೆ ಮಂಡಿಯೂರಿದ್ದು ಇದೇ ಮೊದಲು. ನಿಂತೇ, ಗಡಿಯಾರ ನೋಡಿಕೊಳ್ಳುತ್ತ, ಮಾತು ಎಸೆಯುತ್ತಿದ್ದವಳು.

"ಡೆಲೈಸೊ," ಎಂದಳು.

ಒನಕೆಯ ಸದ್ದು ನಿಂತಿತ್ತು. ಮುದುಕನ ಎದೆಯ ಮೇಲಿನ ಹವಳ ಏರುತ್ತಲೂ ಇಲ್ಲ, ಇಳಿಯುತ್ತಲೂ ಇಲ್ಲ ಎನಿಸಿ ಗಾಬರಿಯಾಗಿ ಬಗ್ಗಿ ನೋಡಿದಳು. ಉಸಿರಿತ್ತು. "ಡೆಲೈಸೊ," ಎಂದಳು ಮತ್ತೆ, ಗಟ್ಟಿಯಾಗಿ. ಮೂರನೆಯ ಸಲ ಹೇಳುವಾಗ ಅದು ಬೇಡಿಕೆಯಾಗಿತ್ತು. ತಪ್ಪಾಯ್ತು ಅಜ್ಜಾ, ಎದ್ದುಬಿಡಿ, ಮರೆತಿರಲಿಲ್ಲ, ನಾನು ಕೇಳಿಯೇ ಇರಲಿಲ್ಲ, ಒಂಬತ್ತು ವರ್ಷ ಒಂದು ದಿನವೂ ಕೇಳಿರಲಿಲ್ಲ. ಇದನ್ನು ಅವಳು ಮನಸ್ಸಿನಲ್ಲಿ ಅಂದುಕೊಂಡಳೋ ಬಾಯಿಬಿಟ್ಟು ಅಂದಳೋ ಗೊತ್ತಿಲ್ಲ, ಗೋಡೆಯ ಪಕ್ಕ ನಿಂತವರೆಲ್ಲ ತಲೆ ತಗ್ಗಿಸಿದ್ದರು.

ಕಣ್ಣು ತೆರೆಯದೆ ಮುದುಕ ಮಾತಾಡಿದ. ಚೀಫನ ತಗ್ಗಿದ, ಅವಸರವಿಲ್ಲದ ಧ್ವನಿ. ಅದರಲ್ಲಿ ಕೋಪವಿರಲಿಲ್ಲ, ತಪ್ಪು ಬಾಗಿಲು ತಟ್ಟಿದವರಿಗೆ ದಾರಿ ಹೇಳುವಷ್ಟು ಸೌಜನ್ಯವಿತ್ತು.

"ಆ ಮನೆಯವರು ಇಲ್ಲಿಲ್ಲ ಮಗಳೇ. ಬಹಳ ಹೊತ್ತು ಕಾದರು. ಯಾರೂ ಕರೀಲಿಲ್ಲ ಅಂತ ಹೋದರು."

ಪಾತ್ರೆಯ ಮುಚ್ಚಳ ಎಲ್ಲೋ ಅಲುಗಿದ ಸದ್ದಾಯಿತು. ಉವಾಯಿಲಾ ಅದನ್ನು ಕೆಳಗಿಟ್ಟಳು. ಅಳುತ್ತಾಳೆ, ಬೈಯುತ್ತಾಳೆ, ತನ್ನ ಜುಟ್ಟು ಹಿಡಿಯುತ್ತಾಳೆ ಎಂದು ಓಮೊಸೆದೆ ಕಾದಳು. ಹಿಡಿದಿದ್ದರೆ ಎಷ್ಟು ಹಗುರವಾಗುತ್ತಿತ್ತು! ಮುದುಕಿ ನಿಧಾನವಾಗಿ ನಡೆದು ಬಂದು, ಪೆಟ್ಟಿಗೆಯ ಆ ಬದಿಯಲ್ಲಿ ನಿಂತು, ಗಂಡನ ಮುಖವನ್ನು ಒಂದಷ್ಟು ಹೊತ್ತು ನೋಡಿದಳು, ಸಂತೆಯಲ್ಲಿ ಮೀನಿನ ಕಣ್ಣು ನೋಡುವ ಹಾಗೆ. ಆಮೇಲೆ ಬಟ್ಟೆ ಮಡಿಸಿ ಮಂಡಿಯೂರಿದಳು. ತರಚಿದ ಮಂಡಿ ಲಟಕ್ಕೆಂದಿತು.

"ಲಾಮೊಗುನ್," ಎಂದಳು.

ಮುದುಕ ಕಣ್ಣು ತೆರೆದು ಎದ್ದು ಕೂತ. ಅವಳ ತಲೆಯ ಮೇಲೆ ಕೈಯಿಟ್ಟು ಉತ್ತರ ಕೊಟ್ಟ. ಅವಳು ಎದ್ದು ಚಪ್ಪಲಿ ತಂದು ಅವನ ಕಾಲ ಬಳಿ ಇಟ್ಟಳು. "ಬನ್ನಿ, ಮುದ್ದೆ ಆರುತ್ತೆ," ಎಂದಳು, ಹೊಸಬರನ್ನು ಮನೆಗೆ ಕರೆಯುವ ಬಹುವಚನದಲ್ಲಿ. ಓಮೊಸೆದೆಯ ಪಕ್ಕ ಹಾಯುವಾಗ ಒಂದು ಕ್ಷಣ ನಿಂತು ಹಲಗೆಯ ಕಡೆ ನೋಡಿದಳು. "ಇನ್ನು ನಮ್ಮನೇಲಿ ಆ ಮಾತು ಆಡೋರು ಯಾರೂ ಇಲ್ಲ. ಬರ್ಕೊಂಡಿದ್ದೀಯಲ್ಲ, ನೀನೇ ಇಟ್ಕೋ." ಮುದುಕ ಮುಂದೆ, ಪಾತ್ರೆ ಹಿಡಿದ ಮುದುಕಿ ಒಂದು ಹೆಜ್ಜೆ ಹಿಂದೆ, ಗೇಟು ದಾಟಿ ಧೂಳಿನೊಳಗೆ ಹೋದರು. ಮೊದಲು ಬಿಳಿ ಬಟ್ಟೆ ಕಾಣದಾಯಿತು, ಆಮೇಲೆ ನೀಲಿ.

ಗೋಡೆಯ ಪಕ್ಕದವರು ಒಬ್ಬೊಬ್ಬರಾಗಿ ಜಾರಿಕೊಂಡರು. ಓಮೊಸೆದೆ ಮಂಡಿಯೂರಿಯೇ ಇದ್ದಳು. ಏಳಬೇಕೆಂದುಕೊಂಡಳು, ಕೈ ಊರಿದಳೂ ಸಹ. ಅವಳು ಹೇಳಿದ ಮಾತಿಗೆ ಉತ್ತರ ಬಂದಿರಲಿಲ್ಲ. ಪೆಟ್ಟಿಗೆಯೊಳಗಿನ ಬಿಳಿ ಹಾಸಿನ ಮೇಲೆ ಒಂದು ಮೈಯ ತಗ್ಗು ಹಾಗೇ ಉಳಿದಿತ್ತು. ಅವಳು ನೋಡುತ್ತಿದ್ದ ಹಾಗೆ ಅದು ತುಂಬಿಕೊಳ್ಳಲೂ ಇಲ್ಲ, ಸಡಿಲವಾಗಲೂ ಇಲ್ಲ.

"ಮೇಡಂ," ಎಂದ ಓಸಹೋನ್, ಕ್ಯಾಮೆರಾದ ಹಿಂದಿನಿಂದ, ಬಹಳ ಹೊತ್ತಾದ ಮೇಲೆ. "ಎಲ್ರೂ ಹೋದ್ರು. ನಿಲ್ಲಿಸ್ಲಾ?"

"ಬೇಡ," ಎಂದಳು. "ಅಜ್ಜ ಇನ್ನೂ ಎದ್ದಿಲ್ಲ."